ಹನೋಯ್‌ನಿಂದ ಸಿಂಗಪುರಕ್ಕೆ ಬಸ್ಸು, ರೈಲಿನಲ್ಲಿ: ಗಡಿಗಳಲ್ಲಿ ಸಿಕ್ಕಿಹಾಕಿಕೊಳ್ಳದೆ ಐದು ದೇಶ ದಾಟುವ ಕ್ರಮ

ವಿಯೆಟ್ನಾಮಿನ ಹನೋಯ್‌ನಲ್ಲಿ ಇಳಿದು, ಲಾವೋಸ್, ಥಾಯ್ಲೆಂಡ್, ಮಲೇಷ್ಯಾ ದಾಟಿ, ನಡುವೆ ಎಲ್ಲಿಯೂ ವಿಮಾನ ಹತ್ತದೆ ಸಿಂಗಪುರ ಸೇರಬಹುದು. ದಾರಿ ಕಷ್ಟದ್ದಲ್ಲ. ಆದರೂ ಹೊರಟವರಲ್ಲಿ ಹಲವರು ಅರ್ಧಕ್ಕೇ ನಿಂತು ವಿಮಾನ ಹಿಡಿಯುತ್ತಾರೆ, ಇಲ್ಲವೇ ಯಾವುದೋ ಗಡಿಯಲ್ಲಿ ಒಂದು ದಿನ ಕಳೆದುಕೊಳ್ಳುತ್ತಾರೆ. ವಿಚಾರಿಸಿದರೆ ಕಾರಣ ಬಹುಪಾಲು ಒಂದೇ: ಟಿಕೆಟ್ ಮೊದಲು ಕೊಂಡಿರುತ್ತಾರೆ, ಗಡಿಯ ಲೆಕ್ಕ ಆಮೇಲೆ ಹಾಕಿರುತ್ತಾರೆ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಭಾರತದ ಪಾಸ್‌ಪೋರ್ಟ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ಊರುಗಳನ್ನು ಬಿಟ್ಟು ಗಡಿಗಳನ್ನು ಮೊದಲು ಬರೆದುಕೊಳ್ಳಿ

ಈ ದಾರಿಯಲ್ಲಿ ನಾಲ್ಕು ಗಡಿಗಳಿವೆ. ಒಂದು ಹಾಳೆಯಲ್ಲಿ ಅವುಗಳ ಹೆಸರನ್ನು ಸಾಲಾಗಿ ಬರೆಯಿರಿ: ವಿಯೆಟ್ನಾಮಿನಿಂದ ಲಾವೋಸ್‌ಗೆ ಟೈ ಟ್ರಾಂಗ್, ಲಾವೋಸ್‌ನಿಂದ ಥಾಯ್ಲೆಂಡಿಗೆ ನೋಂಗ್ ಖಾಯ್, ಥಾಯ್ಲೆಂಡಿನಿಂದ ಮಲೇಷ್ಯಾಕ್ಕೆ ಪದಾಂಗ್ ಬೆಸಾರ್, ಮಲೇಷ್ಯಾದಿಂದ ಸಿಂಗಪುರಕ್ಕೆ ವುಡ್‌ಲ್ಯಾಂಡ್ಸ್. ಪ್ರತಿ ಹೆಸರಿನ ಮುಂದೆ ನಾಲ್ಕು ಸಂಗತಿ ಬರಬೇಕು: ದಾಟುವ ದಿನಾಂಕ, ದಾಟುವ ಹೊತ್ತು, ಬೇಕಾದ ವೀಸಾ, ತುಂಬಬೇಕಾದ ಆನ್‌ಲೈನ್ ಅರ್ಜಿ. ಈ ಹಾಳೆ ತುಂಬುವವರೆಗೆ ಒಂದು ಟಿಕೆಟನ್ನೂ ಕೊಳ್ಳಬೇಡಿ.

ಹಳೆಯ ಪ್ರವಾಸ ಪುಸ್ತಕಗಳು ಹೋ ಚಿ ಮಿನ್ ನಗರದಿಂದ ಕಾಂಬೋಡಿಯಾದ ನಾಮ್ ಪೆನ್ ಮೂಲಕ ಬ್ಯಾಂಕಾಕ್ ಸೇರುವ ದಾರಿಯನ್ನು ಹೇಳುತ್ತವೆ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಸಶಸ್ತ್ರ ಘರ್ಷಣೆ ನಡೆದು, ಅಲ್ಲಿನ ಭೂಗಡಿಗಳು ಪ್ರವಾಸಿಗರಿಗೆ ಮುಚ್ಚಿದವು. ಆ ಗಡಿ ತೆರೆದಿದೆಯೆಂಬ ಅಧಿಕೃತ ಸುದ್ದಿ ಕೈಗೆ ಸಿಗುವವರೆಗೆ ಆ ದಾರಿಯ ಆಸೆ ಬಿಟ್ಟುಬಿಡಿ. ಲಾವೋಸ್ ದಾರಿಯೇ ಭದ್ರ.

ದಿಕ್ಕು ಉತ್ತರದಿಂದ ದಕ್ಷಿಣಕ್ಕಿರಲಿ. ಕೊನೆಯ ಊರು ಸಿಂಗಪುರವಾದರೆ ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನವಿದೆ. ಆ ಮರುಪ್ರಯಾಣದ ಟಿಕೆಟ್ ದಾರಿಯುದ್ದಕ್ಕೂ ವಲಸೆ ಅಧಿಕಾರಿಗಳಿಗೆ ತೋರಿಸುವ ದಾಖಲೆಯೂ ಆಗುತ್ತದೆ.

ಕಾಲದ ವಿಷಯದಲ್ಲಿ ನನ್ನ ಆಯ್ಕೆ ಜನವರಿಯಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರ ಲಾವೋಸ್‌ನ ಘಟ್ಟದ ರಸ್ತೆಗಳಲ್ಲಿ ಗುಡ್ಡ ಜರಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲಗಳಿಗೆ ಬೆಂಕಿ ಹಚ್ಚುವುದರಿಂದ ಅದೇ ಪ್ರದೇಶದಲ್ಲಿ ಹೊಗೆ ಕವಿದಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಮಳೆ ಜೋರು; 2025ರ ನವೆಂಬರ್‌ನಲ್ಲಿ ಹಾಟ್ ಯಾಯ್ ನಗರ ಮುಳುಗಿದಾಗ ಅಲ್ಲಿಗೆ ಹೋಗುವ ರೈಲುಗಳೇ ನಿಂತಿದ್ದವು. ಜನವರಿ, ಫೆಬ್ರವರಿಯಲ್ಲಿಯೂ ಚಾಂದ್ರಮಾನ ಹೊಸವರ್ಷದ ವಾರವನ್ನು ತಪ್ಪಿಸಿಕೊಳ್ಳಿ. ಆಗ ವಿಯೆಟ್ನಾಮಿನಿಂದ ಸಿಂಗಪುರದವರೆಗೆ ಸೀಟು ಸಿಗುವುದು ದುರ್ಲಭ.

ಹಂತ 2: ಪಾಸ್‌ಪೋರ್ಟ್‌ನ ಹೆಸರು, ಆಮೇಲೆ ವೀಸಾ

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಆಯುಷ್ಯ ಇರಬೇಕು, ಖಾಲಿ ಪುಟಗಳು ಸಾಕಷ್ಟು ಇರಬೇಕು. ಇಷ್ಟನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ನಮ್ಮ ಕಡೆಯವರಿಗೆ ನಿಜವಾದ ತೊಡಕು ಹೆಸರಿನದು. ನಮ್ಮಲ್ಲಿ ಹಲವರಿಗೆ ಮನೆತನದ ಹೆಸರಿಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುತ್ತದೆ, ಇಲ್ಲವೇ ಇನಿಷಿಯಲ್‌ಗಳು ಬಿಡಿಸಿಕೊಂಡು ತಂದೆಯ ಹೆಸರು, ಊರಿನ ಹೆಸರು ಉದ್ದಕ್ಕೆ ಬಂದಿರುತ್ತವೆ. ವೀಸಾ ಅರ್ಜಿಯಲ್ಲಿ ಒಂದು ರೀತಿ, ರೈಲು ಟಿಕೆಟ್‌ನಲ್ಲಿ ಇನ್ನೊಂದು ರೀತಿ ಬರೆದರೆ ಗೇಟಿನಲ್ಲಿ ತಡೆಯುತ್ತಾರೆ. ಫೋಟೋ ಇರುವ ಪುಟದ ತಳದಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಅವುಗಳಲ್ಲಿ ಮೊದಲನೆಯದನ್ನು ನೋಡಿ. ಯಂತ್ರ ಓದುವುದು ಅದನ್ನೇ. ಅಲ್ಲಿರುವ ಕ್ರಮ, ಅಲ್ಲಿರುವ ಅಕ್ಷರಗಳನ್ನು ಒಂದು ಕಡೆ ಬರೆದಿಟ್ಟುಕೊಂಡು ಎಲ್ಲ ಅರ್ಜಿಗಳಿಗೂ ಅದನ್ನೇ ಬಳಸಿ.

ವೀಸಾಗಳ ಸ್ಥಿತಿ ಹೀಗಿದೆ:

1. ಸಿಂಗಪುರ. ಭಾರತೀಯರಿಗೆ ವೀಸಾ ಕಡ್ಡಾಯ. ಭಾರತದಿಂದ ಅರ್ಜಿ ಹಾಕುವವರು ಸಾಮಾನ್ಯವಾಗಿ ಮಾನ್ಯತೆ ಪಡೆದ ಏಜೆಂಟರ ಮೂಲಕವೇ ಹಾಕುತ್ತಾರೆ. ದಾರಿಯಲ್ಲಿ ಹೋಗುತ್ತ ಮಾಡಿಸಿಕೊಂಡರಾಯಿತು ಎಂದುಕೊಳ್ಳಬೇಡಿ. ಊರು ಬಿಡುವ ಮೊದಲೇ ಕೈಯಲ್ಲಿರಬೇಕು. ಸಿಗದಿದ್ದರೆ ಪ್ರವಾಸವನ್ನು ಕ್ವಾಲಾಲಂಪುರದಲ್ಲಿ ಮುಗಿಸುವಂತೆ ಯೋಜನೆ ತಿದ್ದಿಕೊಳ್ಳಿ.

2. ವಿಯೆಟ್ನಾಂ. ಇ-ವೀಸಾ ಸಾಕು. 2023ರ ಆಗಸ್ಟ್‌ನಿಂದ 90 ದಿನಗಳವರೆಗೆ ಕೊಡುತ್ತಿದ್ದಾರೆ. ಒಮ್ಮೆ ಪ್ರವೇಶಿಸುವುದಕ್ಕೆ ಶುಲ್ಕ 25 ಡಾಲರ್. ಅರ್ಜಿಯಲ್ಲಿ ಒಳಬರುವ ಜಾಗದ ಜೊತೆಗೆ ಹೊರಹೋಗುವ ಜಾಗವನ್ನೂ ಕೇಳುತ್ತಾರೆ. ವಿಮಾನದಲ್ಲಿ ಬರುವವರು ಎರಡಕ್ಕೂ ಹನೋಯ್ ವಿಮಾನ ನಿಲ್ದಾಣವನ್ನೇ ಆರಿಸಿಬಿಡುತ್ತಾರೆ. ನೀವು ಹೊರಹೋಗುವ ಜಾಗದಲ್ಲಿ ಟೈ ಟ್ರಾಂಗ್ ಎಂದೇ ಆರಿಸಿ. ಇ-ವೀಸಾ ಒಪ್ಪುವ ಗಡಿಗಳ ಪಟ್ಟಿಯಲ್ಲಿ ಅದು ಇದೆ.

3. ಲಾವೋಸ್. ಇಲ್ಲಿಯೂ ಇ-ವೀಸಾ ಇದೆ, ಆದರೆ ಆಯ್ದ ಕೆಲವು ಗಡಿಗಳಲ್ಲಿ ಮಾತ್ರ ನಡೆಯುತ್ತದೆ. ಕೆಲವು ಗಡಿಗಳಲ್ಲಿ ಸ್ಥಳದಲ್ಲೇ ವೀಸಾ ಕೊಡುವ ವ್ಯವಸ್ಥೆಯೂ ಉಂಟು. ಅದಕ್ಕೆ ಭಾವಚಿತ್ರ ಮತ್ತು ಮಡಿಕೆ ಇಲ್ಲದ ಡಾಲರ್ ನೋಟುಗಳು ಬೇಕು. ನಾನು ಹೇಳುವುದಾದರೆ, ಮಲೆಗಾಡಿನ ಗಡಿಯಲ್ಲಿ ವಾದ ಮಾಡುತ್ತ ನಿಲ್ಲುವುದಕ್ಕಿಂತ ದೆಹಲಿ ಅಥವಾ ಹನೋಯ್‌ನ ಲಾವೋಸ್ ರಾಯಭಾರ ಕಚೇರಿಯಲ್ಲಿ ಪುಟಕ್ಕೆ ಅಂಟಿಸುವ ವೀಸಾ ಮಾಡಿಸಿಕೊಳ್ಳುವುದು ನೆಮ್ಮದಿ.

4. ಥಾಯ್ಲೆಂಡ್, ಮಲೇಷ್ಯಾ. 2024ರ ಜುಲೈನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನಗಳ ವಾಸಕ್ಕೆ ಅವಕಾಶ ಕೊಟ್ಟಿತು. ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನಗಳ ವೀಸಾ ವಿನಾಯಿತಿ ಕೊಟ್ಟು, ಅದನ್ನು 2026ರ ಕೊನೆಯವರೆಗೆ ವಿಸ್ತರಿಸಿತು. ಎರಡೂ ಆಯಾ ಸರ್ಕಾರಗಳ ತೀರ್ಮಾನಗಳು, ಯಾವಾಗ ಬೇಕಾದರೂ ತಿದ್ದುಪಡಿಯಾಗಬಹುದು. ಹೊರಡುವ ವಾರ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ.

ಹಂತ 3: ಮೂರು ಉಚಿತ ಅರ್ಜಿಗಳು, ಅವುಗಳ ದಿನಾಂಕ

ವೀಸಾ ಬೇರೆ, ಆಗಮನ ಅರ್ಜಿ ಬೇರೆ. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ಮಲೇಷ್ಯಾ, ಸಿಂಗಪುರಗಳಲ್ಲಿಯೂ ಇಂಥದ್ದೇ ಅರ್ಜಿಗಳಿವೆ. ಮೂರನ್ನೂ ದೇಶ ಪ್ರವೇಶಿಸುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು. ಮೂರಕ್ಕೂ ನಯಾಪೈಸೆ ಶುಲ್ಕವಿಲ್ಲ. ಕಾರ್ಡ್ ಸಂಖ್ಯೆ ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲ, ಆ ಪುಟವನ್ನು ತಕ್ಷಣ ಮುಚ್ಚಿ.

ಹೆಚ್ಚು ಜನ ತಪ್ಪು ಮಾಡುವುದು ದಿನಾಂಕದಲ್ಲಿ. ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಿಂದ ಬ್ಯಾಂಕಾಕ್‌ಗೆ ಹೋಗುವ ರೈಲು ಸಂಜೆ ಹೊರಟು ಮರುದಿನ ಬೆಳಿಗ್ಗೆ ತಲುಪುತ್ತದೆ. ಹಾಗೆಂದು ಥಾಯ್ ಅರ್ಜಿಯಲ್ಲಿ ಮರುದಿನದ ದಿನಾಂಕ ಹಾಕಿದರೆ ತಪ್ಪು, ಏಕೆಂದರೆ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುವುದು ಅದೇ ಸಂಜೆ ನೋಂಗ್ ಖಾಯ್‌ನಲ್ಲಿ. ಬ್ಯಾಂಕಾಕ್‌ನಿಂದ ಪದಾಂಗ್ ಬೆಸಾರ್‌ಗೆ ಹೋಗುವ ರಾತ್ರಿ ರೈಲಿನಲ್ಲಿ ಇದು ತಿರುಗುಮುರುಗು: ಹೊರಡುವುದು ಒಂದು ದಿನ, ಮಲೇಷ್ಯಾ ಪ್ರವೇಶ ಮರುದಿನ ಬೆಳಿಗ್ಗೆ. ರೈಲಿನ ದಿನಾಂಕ ಮರೆತು, ಗಡಿ ದಾಟುವ ದಿನಾಂಕವನ್ನು ಹಾಕಿ.

ಹಂತ 4: ಸೀಟು ಕಡಿಮೆ ಇರುವ ರೈಲನ್ನು ಮೊದಲು ಹಿಡಿಯಿರಿ

ಹನೋಯ್‌ನಿಂದ ಶುರುಮಾಡಿ ಒಂದೊಂದೇ ಟಿಕೆಟ್ ಕೊಳ್ಳುತ್ತ ಹೋಗುವುದು ಸಹಜವೆನ್ನಿಸುತ್ತದೆ. ಈ ದಾರಿಯಲ್ಲಿ ಅದು ಕೈಕೊಡುತ್ತದೆ. ಕೊಳ್ಳುವ ಕ್ರಮ ಹೀಗಿರಲಿ.

ಮೊದಲು ಬ್ಯಾಂಕಾಕ್‌ನಿಂದ ಪದಾಂಗ್ ಬೆಸಾರ್‌ಗೆ ಹೋಗುವ 45ನೇ ಸಂಖ್ಯೆಯ ರೈಲು. ನಿಲ್ದಾಣದಲ್ಲಿ ನಿಂತು ನೋಡಿದರೆ ಉದ್ದನೆಯ ರೈಲೇ ಹೌದು. ಆದರೆ ಹಾಟ್ ಯಾಯ್‌ನಲ್ಲಿ ಅದು ಎರಡಾಗುತ್ತದೆ. ಹೆಚ್ಚಿನ ಬೋಗಿಗಳು ಥಾಯ್ಲೆಂಡಿನ ಆಗ್ನೇಯ ತುದಿಯ ಸುಂಗೈ ಕೋಲೋಕ್ ಕಡೆಗೆ ಹೋಗುತ್ತವೆ, ಪದಾಂಗ್ ಬೆಸಾರ್ ಗಡಿಗೆ ಬರುವುದು ಸಾಮಾನ್ಯವಾಗಿ ಎರಡೇ ಬೋಗಿ. ಅವು ಬೇಗ ತುಂಬುತ್ತವೆ. ಎರಡನೆಯದು ವಿಯೆಂಟಿಯಾನ್–ಬ್ಯಾಂಕಾಕ್ ರಾತ್ರಿ ರೈಲಿನ ಮಲಗುವ ಸೀಟು. ಮೂರನೆಯದು ಮಲೇಷ್ಯಾದ ದಕ್ಷಿಣ ತುದಿಯ ಜೊಹೊರ್ ಬಾರುವಿನಿಂದ ವುಡ್‌ಲ್ಯಾಂಡ್ಸ್‌ಗೆ ಹೋಗುವ ಪುಟ್ಟ ಷಟಲ್. ಆಮೇಲೆ ಮಲೇಷ್ಯಾದ ಇಟಿಎಸ್ ವಿದ್ಯುತ್ ರೈಲುಗಳು. ಲಾವೋಸ್ ರೈಲಿನ ಟಿಕೆಟ್ ಮಾರಾಟ ಪ್ರಯಾಣಕ್ಕೆ ಕೆಲವೇ ದಿನ ಮುಂಚೆ ತೆರೆಯುವುದರಿಂದ ಅದನ್ನು ದಾರಿಯಲ್ಲಿಯೇ ಕೊಳ್ಳಬೇಕು. ವಿಯೆಟ್ನಾಮಿನ ಬಸ್ಸಿಗೆ ಅವಸರವಿಲ್ಲ.

ಪ್ರತಿ ಗಡಿಯ ನಂತರ ಒಂದು ರಾತ್ರಿ ಖಾಲಿ ಬಿಡಿ. ಮುಂದಿನ ರೈಲನ್ನು ಅದೇ ದಿನ ಹಿಡಿಯಬೇಕಾದ ಜಾಗ ಪದಾಂಗ್ ಬೆಸಾರ್ ಒಂದೇ. ಅದರ ಲೆಕ್ಕ ಎಂಟನೇ ಹಂತದಲ್ಲಿದೆ.

ಹಂತ 5: ಚೀಲ, ಹಣ, ಬುತ್ತಿ

ನಿಮ್ಮ ಗಂಟನ್ನು ನೀವೇ ಎತ್ತಿಕೊಂಡು ಮೆಟ್ಟಿಲು ಹತ್ತಿಳಿಯುವಷ್ಟು ಹಗುರವಿರಲಿ. ಪ್ರತಿ ಗಡಿಯಲ್ಲೂ ಸಾಮಾನಿನ ಸಮೇತ ಇಳಿಯಬೇಕು.

ಲಾವೋಸ್–ಚೀನಾ ರೈಲು ಮಾರ್ಗದ ನಿಲ್ದಾಣಗಳಲ್ಲಿ ತಪಾಸಣೆ ವಿಮಾನ ನಿಲ್ದಾಣದಷ್ಟೇ ಬಿಗಿ. ಹಣ್ಣು ಹೆಚ್ಚುವ ಚಾಕು, ಸೊಳ್ಳೆಗೆ ಹೊಡೆಯುವ ಸ್ಪ್ರೇ, ಮೈಗೆ ಸಿಂಪಡಿಸುವ ಡಿಯೋಡರೆಂಟ್ ಡಬ್ಬಿಗಳನ್ನು ಎತ್ತಿಟ್ಟುಕೊಳ್ಳುತ್ತಾರೆ. ಸೊಳ್ಳೆಗೆ ಹಚ್ಚುವ ಮುಲಾಮು ಒಯ್ಯಿರಿ.

ಮನೆಯಿಂದ ಮಸಾಲೆ ಕಟ್ಟಿಕೊಳ್ಳುವವರು ಇದನ್ನು ಗಮನವಿಟ್ಟು ಓದಿ: ಸಿಂಗಪುರದಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೆಂದು, ಸಾಗುವಿಗೆಂದು, ಅಲ್ಲಿರುವ ಮಗಳ ಮನೆಗೆಂದು ಒಂದು ಪೊಟ್ಟಣ ಇಟ್ಟುಕೊಂಡರೂ ಅದನ್ನು ಮಾದಕ ವಸ್ತುವಿನ ಕಣ್ಣಿನಿಂದಲೇ ನೋಡುತ್ತಾರೆ. ಗಸಗಸೆ ಬೆರೆಸಿದ ಸಾಗು ಪುಡಿಯನ್ನೂ ಬಿಟ್ಟು ಹೋಗಿ. ಚೂಯಿಂಗ್ ಗಮ್, ಅಗಿಯುವ ತಂಬಾಕು, ಇ-ಸಿಗರೇಟು ಕೂಡ ಬೇಡ. ಇ-ಸಿಗರೇಟಿಗೆ ಥಾಯ್ಲೆಂಡಿನಲ್ಲಿಯೂ ನಿಷೇಧವಿದೆ.

ಸಸ್ಯಾಹಾರಿಗಳಿಗೆ ರೈಲಿನ ಊಟವನ್ನು ನಂಬಿಕೊಳ್ಳಲಾಗದು. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ, ಕಡಲೆಬೀಜ ಒಂದೊಂದು ರಾತ್ರಿಗಾಗುವಷ್ಟು ಚೀಲದಲ್ಲಿರಲಿ. ಊರುಗಳಲ್ಲಿ ಉಪಾಯವಿದೆ: ವಿಯೆಟ್ನಾಮಿನಲ್ಲಿ ‘ಚಾಯ್’, ಥಾಯ್ಲೆಂಡಿನಲ್ಲಿ ‘ಜೇ’ ಎಂಬ ಫಲಕವಿರುವ ಅಂಗಡಿಗಳಲ್ಲಿ ಮೀನಿನ ಸಾಸ್ ಕೂಡ ಬಳಸದ ಊಟ ಸಿಗುತ್ತದೆ. ಮಲೇಷ್ಯಾ ಮುಟ್ಟಿದ ಮೇಲೆ ಬಾಳೆಎಲೆಯ ಊಟ, ದೋಸೆ ಧಾರಾಳ.

ಹಣದಲ್ಲಿ ಒಂದೇ ಎಚ್ಚರಿಕೆ. ಲಾವೋಸ್‌ನ ಕಿಪ್ ನೋಟುಗಳನ್ನು ಗಡಿಯಾಚೆ ಕೊಳ್ಳುವವರು ಸಿಗುವುದು ಕಷ್ಟ. ವಿಯೆಂಟಿಯಾನ್‌ನಲ್ಲಿಯೇ ಥಾಯ್ ಬಾತ್‌ಗೆ ಬದಲಿಸಿಕೊಂಡು ಹೊರಡಿ.

ಹಂತ 6: ಹನೋಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ (ರಸ್ತೆ, ಕೊನೆಯಲ್ಲಿ ರೈಲು)

ಇಡೀ ಪ್ರಯಾಣದಲ್ಲಿ ಮೈ ನೋಯಿಸುವ ಭಾಗ ಇದು. ಹನೋಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ನೇರ ಸ್ಲೀಪರ್ ಬಸ್ ಮಾರುತ್ತಾರೆ. ಒಂದು ಹಗಲು, ಒಂದು ರಾತ್ರಿ ಹಿಡಿಯುವ ದಾರಿ. ಆ ಬಸ್ಸು ಯಾವ ಗಡಿಯಿಂದ ಹೋಗುತ್ತದೆಂದು ಕೇಳದೆ ಹತ್ತುವವರೇ ಹೆಚ್ಚು. ವೀಸಾದಲ್ಲಿ ಒಂದು ಗಡಿ, ಬಸ್ಸಿನದು ಇನ್ನೊಂದು ಗಡಿಯಾದರೆ ನಡುರಾತ್ರಿ ಇಳಿಯಬೇಕಾದೀತು. ನೇರ ಬಸ್ ಬಿಟ್ಟು ದಾರಿಯನ್ನು ತುಂಡು ಮಾಡಿ.

1. ಹನೋಯ್‌ನಿಂದ ರಾತ್ರಿ ಬಸ್ಸಿನಲ್ಲಿ ಡಿಯೆನ್ ಬಿಯೆನ್ ಫು ತಲುಪಿ. ಹಗಲು ವಿಶ್ರಾಂತಿ, ರಾತ್ರಿ ಅಲ್ಲಿಯೇ ತಂಗಿ. ಸಂಜೆಯೇ ಬಸ್ ನಿಲ್ದಾಣಕ್ಕೆ ಹೋಗಿ ಮರುದಿನದ ಲಾವೋಸ್ ಬಸ್ಸಿನ ಸೀಟು ಕೊಂಡುಬಿಡಿ.

2. ಲಾವೋಸ್ ಬಸ್ಸು ನಸುಕಿನಲ್ಲೇ ಹೊರಡುತ್ತದೆ. ಟೈ ಟ್ರಾಂಗ್ ಗಡಿ ಅಲ್ಲಿಂದ ಸುಮಾರು 35 ಕಿಲೋಮೀಟರ್. ವಿಯೆಟ್ನಾಮಿನ ಕಟ್ಟಡದಲ್ಲಿ ನಿರ್ಗಮನ ಮುದ್ರೆ, ಗುಡ್ಡದ ದಾರಿಯಲ್ಲಿ ಮುಂದೆ ಸಾಗಿದ ಮೇಲೆ ಲಾವೋಸ್ ಕಟ್ಟಡದಲ್ಲಿ ಪ್ರವೇಶ ಮುದ್ರೆ. ಕಿಟಕಿ ಬಿಟ್ಟು ಕದಲುವ ಮೊದಲು ಮುದ್ರೆಯ ದಿನಾಂಕ ಓದಿ. ಬಸ್ಸಿನ ಸಹಾಯಕ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿಕೊಂಡು ಹೋದರೆ ನೀವೂ ಜೊತೆಗೆ ಹೋಗಿ. ಪಾಸ್‌ಪೋರ್ಟ್ ಕಣ್ಣಳತೆಯಲ್ಲೇ ಇರಲಿ.

3. ಮುವಾಂಗ್ ಖುವಾ ದಾಟಿ ಮುವಾಂಗ್ ಸಾಯ್‌ವರೆಗೆ ರಸ್ತೆ. ಅಲ್ಲಿಂದ ಲಾವೋಸ್–ಚೀನಾ ರೈಲು ಸಿಗುತ್ತದೆ. ಮುವಾಂಗ್ ಸಾಯ್ ತಲುಪುವ ದಿನವೇ ರೈಲು ಹಿಡಿಯುವ ಲೆಕ್ಕ ಹಾಕಬೇಡಿ. ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ರೈಲು ತಪ್ಪುತ್ತದೆ.

ಬಸ್ಸಿನವರು ಮುಂದೆ ರಸ್ತೆ ಕಡಿದಿದೆ ಎಂದರೆ ನಂಬಿ. ‘ಬೇರೆ ದಾರಿಯಲ್ಲಿ ಬಿಡುತ್ತೇನೆ’ ಎನ್ನುವ ವ್ಯಾನಿನವನ ಮಾತಿಗೆ ಮರುಳಾಗದೆ ಇದ್ದಲ್ಲೇ ಒಂದು ರಾತ್ರಿ ಉಳಿಯಿರಿ.

ಹಂತ 7: ಲುವಾಂಗ್ ಪ್ರಬಾಂಗ್‌ನಿಂದ ಬ್ಯಾಂಕಾಕ್‌ಗೆ

ಲಾವೋಸ್–ಚೀನಾ ಮಾರ್ಗ 2021ರ ಡಿಸೆಂಬರ್‌ನಲ್ಲಿ ತೆರೆಯಿತು. ಗಂಟೆಗೆ 160 ಕಿಲೋಮೀಟರ್‌ವರೆಗೆ ಓಡುವ ರೈಲು ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ನಿಲ್ದಾಣ ಊರಿನ ಹೊರಗೆ ದೂರದಲ್ಲಿದೆ, ಗೇಟು ರೈಲು ಹೊರಡುವ ಮೊದಲೇ ಮುಚ್ಚುತ್ತದೆ. ಒಂದು ಗಂಟೆ ಮುಂಚೆ ಅಲ್ಲಿರಿ. ಟಿಕೆಟಿನ ಜೊತೆ ಪಾಸ್‌ಪೋರ್ಟನ್ನೂ ನೋಡುತ್ತಾರೆ.

ವಿಯೆಂಟಿಯಾನ್‌ನಲ್ಲಿ ಎರಡು ನಿಲ್ದಾಣಗಳಿವೆ ಎಂಬುದನ್ನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಉತ್ತರದಿಂದ ಬರುವ ರೈಲು ಬಂದು ನಿಲ್ಲುವುದು 1,435 ಮಿಲಿಮೀಟರ್ ಹಳಿಯ ವಿಯೆಂಟಿಯಾನ್ ನಿಲ್ದಾಣದಲ್ಲಿ. ಬ್ಯಾಂಕಾಕ್ ರೈಲು ಹೊರಡುವುದು ಮೀಟರ್ ಗೇಜಿನ ಖಾಮ್‌ಸವಾತ್ ನಿಲ್ದಾಣದಿಂದ. ಎರಡರ ನಡುವೆ ಹಳಿಯಲ್ಲಿ ಹೋಗಲಾಗದು, ನಡೆದೂ ಹೋಗಲಾಗದು. ಗಾಡಿಯವನಿಗೆ ‘ರೈಲು ನಿಲ್ದಾಣ’ ಎಂದಷ್ಟೇ ಹೇಳಿದರೆ ಚೀನಾ ಮಾರ್ಗದ ನಿಲ್ದಾಣಕ್ಕೇ ಒಯ್ದಾನು. ಖಾಮ್‌ಸವಾತ್ ಎಂಬ ಹೆಸರನ್ನು ಲಾವೋ ಲಿಪಿಯಲ್ಲಿ ಮೊಬೈಲಿನಲ್ಲಿ ತೋರಿಸಿ.

ವಿಯೆಂಟಿಯಾನ್–ಬ್ಯಾಂಕಾಕ್ ನೇರ ರೈಲು 2024ರ ಜುಲೈನಲ್ಲಿ ಶುರುವಾಯಿತು. ಲಾವೋಸ್‌ನ ನಿರ್ಗಮನ ಮುದ್ರೆಯನ್ನು ಖಾಮ್‌ಸವಾತ್‌ನಲ್ಲೇ ಹಾಕುತ್ತಾರೆ. ರೈಲು ಮೆಕಾಂಗ್ ಮೇಲಿನ ಸ್ನೇಹ ಸೇತುವೆ ದಾಟಿ ನೋಂಗ್ ಖಾಯ್‌ನಲ್ಲಿ ನಿಂತಾಗ ಎಲ್ಲರೂ ಚೀಲ ಸಮೇತ ಇಳಿದು ಥಾಯ್ ಪ್ರವೇಶ ಮುದ್ರೆ ಹಾಕಿಸಿಕೊಂಡು ಮತ್ತೆ ಹತ್ತಬೇಕು. ಹಾಸಿಗೆ ಹಾಸಿದೆಯೆಂದು ಚೀಲವನ್ನು ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ.

ಈ ರೈಲಿನಲ್ಲಿ ಸೀಟು ಸಿಗದಿದ್ದರೆ ಧೈರ್ಯಗೆಡಬೇಕಾಗಿಲ್ಲ. ವಿಯೆಂಟಿಯಾನ್‌ನ ತಲಾತ್ ಸಾವೋ ಬಸ್ ನಿಲ್ದಾಣದಿಂದ ಸೇತುವೆಯವರೆಗೆ ಬಸ್ಸು, ಸೇತುವೆಯ ಮೇಲೆ ಷಟಲ್ ಬಸ್ಸು, ಆಚೆ ತುಕ್‌ತುಕ್, ನೋಂಗ್ ಖಾಯ್‌ನಿಂದ ಥಾಯ್ಲೆಂಡಿನ ಒಳಗಿನ ರಾತ್ರಿ ರೈಲು. ಕೆಲವು ಸಲ ಇದೇ ಹೆಚ್ಚು ಅನುಕೂಲ.

ಬ್ಯಾಂಕಾಕ್‌ನಲ್ಲಿ ದೂರದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೆಪ್ ಅಭಿವತ್ ನಿಲ್ದಾಣಕ್ಕೆ ಬಂದಿವೆ. ಮೆಟ್ರೋದಲ್ಲಿ ಬಾಂಗ್ ಸೂ ಎಂಬಲ್ಲಿ ಇಳಿಯಿರಿ.

ಹಂತ 8: ಬ್ಯಾಂಕಾಕ್‌ನಿಂದ ಕ್ವಾಲಾಲಂಪುರಕ್ಕೆ

45ನೇ ರೈಲು ಬ್ಯಾಂಕಾಕ್‌ನಿಂದ ಸಂಜೆ ನಾಲ್ಕರ ಸುಮಾರಿಗೆ ಹೊರಟು ಮರುದಿನ ಬೆಳಿಗ್ಗೆ ಎಂಟರ ಆಸುಪಾಸಿಗೆ ಗಡಿ ಮುಟ್ಟುತ್ತದೆ. ಹತ್ತುವ ಮೊದಲು ಬೋಗಿಯ ಪಕ್ಕದ ಫಲಕದಲ್ಲಿ ಪದಾಂಗ್ ಬೆಸಾರ್ ಎಂದಿದೆಯೇ ನೋಡಿ. ಬೇರೆ ಬೋಗಿಯಲ್ಲಿ ಮಲಗಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಯಲಾ, ನರಾಥಿವಾತ್ ಪ್ರಾಂತ್ಯಗಳ ದಾರಿಯಲ್ಲಿರುತ್ತೀರಿ. ಭದ್ರತೆಯ ಕಾರಣಕ್ಕೆ ಹಲವು ದೇಶಗಳು ತಮ್ಮ ಪ್ರಜೆಗಳಿಗೆ ಹೋಗಬೇಡಿ ಎನ್ನುವ ಪ್ರದೇಶ ಅದು. ಥಾಯ್ ರೈಲು ಮತ್ತು ನಿಲ್ದಾಣಗಳಲ್ಲಿ ಮದ್ಯ ನಿಷಿದ್ಧ ಎಂಬುದೂ ತಿಳಿದಿರಲಿ.

ಗಡಿಯಲ್ಲಿ ಪದಾಂಗ್ ಬೆಸಾರ್ ಎಂಬ ಹೆಸರಿನ ನಿಲ್ದಾಣಗಳು ಎರಡು. ಮೊದಲು ಬರುವುದು ಥಾಯ್ ನೆಲದ ಸಣ್ಣ ನಿಲ್ದಾಣ. ಹೆಸರು ಓದಿ ಅವಸರದಿಂದ ಅಲ್ಲಿ ಇಳಿಯಬೇಡಿ. ಮುದ್ರೆ ಹಾಕುವುದು ಮುಂದಿನ, ಮಲೇಷ್ಯಾದ ನಿಲ್ದಾಣದಲ್ಲಿ. ಅಲ್ಲಿ ಒಂದೇ ಸೂರಿನಡಿ ಮೊದಲು ಥಾಯ್ ಕೌಂಟರ್, ಅನಂತರ ಮಲೇಷ್ಯಾ ಕೌಂಟರ್.

ಈಗ ಗಡಿಯಾರ. ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್ ಮೂರೂ ನಮಗಿಂತ ಒಂದೂವರೆ ಗಂಟೆ ಮುಂದು. ಮಲೇಷ್ಯಾ, ಸಿಂಗಪುರ ಎರಡೂವರೆ ಗಂಟೆ ಮುಂದು. ಥಾಯ್ ಸಮಯ ಎಂಟಕ್ಕೆ ಇಳಿದರೆ ಮಲೇಷ್ಯಾದಲ್ಲಿ ಆಗಲೇ ಒಂಬತ್ತು. ಮಲೇಷ್ಯಾ ರೈಲಿನ ಟಿಕೆಟ್ ಇರುವುದು ಮಲೇಷ್ಯಾ ಸಮಯದಲ್ಲಿ. ಇದನ್ನು ಮರೆತು ಒಂಬತ್ತೂವರೆಯ ಟಿಕೆಟ್ ಕೊಂಡವರು ಮುದ್ರೆಯ ಸಾಲಿನಲ್ಲಿ ನಿಂತು ತಮ್ಮ ರೈಲು ಹೊರಡುವುದನ್ನು ನೋಡಬೇಕಾಗುತ್ತದೆ. ಥಾಯ್ ರೈಲು ತಡವಾಗುವುದೂ ಉಂಟು. ನಿಗದಿತ ಆಗಮನಕ್ಕೂ ಮುಂದಿನ ರೈಲಿಗೂ ನಡುವೆ ಕನಿಷ್ಠ ಎರಡೂವರೆ ಗಂಟೆ ಇರಲಿ. ಪದಾಂಗ್ ಬೆಸಾರ್‌ನಿಂದ ಕ್ವಾಲಾಲಂಪುರಕ್ಕೆ ಇಟಿಎಸ್ ರೈಲಿನಲ್ಲಿ ಸುಮಾರು ಐದೂವರೆ ಗಂಟೆ. ಪೆನಾಂಗ್ ನೋಡುವವರು ಬಟರ್‌ವರ್ತ್‌ಗೆ ಕೊಮ್ಯೂಟರ್ ರೈಲು ಹಿಡಿದು, ಅಲ್ಲಿಂದ ದೋಣಿಯಲ್ಲಿ ದಾಟಬಹುದು.

45ನೇ ರೈಲಿನ ಸೀಟು ಸಿಗದವರು ಬೇರೆ ರೈಲಿನಲ್ಲಿ ಹಾಟ್ ಯಾಯ್‌ವರೆಗೆ ಬಂದು, ಅಲ್ಲಿಂದ ಷಟಲ್ ರೈಲು ಅಥವಾ ಮಿನಿವ್ಯಾನ್ ಹಿಡಿಯಲಿ.

ಹಂತ 9: ಜೊಹೊರ್ ಬಾರು ದಾಟಿ ಸಿಂಗಪುರಕ್ಕೆ

ನಡುದಾರಿಯ ಗೆಮಾಸ್‌ನಲ್ಲಿ ಇಳಿದು ಡೀಸೆಲ್ ರೈಲಿಗೆ ಬದಲಾಯಿಸಿ ಎನ್ನುವ ಸಲಹೆ ಹಳೆಯದಾಯಿತು. 2025ರ ಡಿಸೆಂಬರ್‌ನಿಂದ ಇಟಿಎಸ್ ರೈಲು ಕ್ವಾಲಾಲಂಪುರದಿಂದ ಜೊಹೊರ್ ಬಾರುವಿನ ಜೆಬಿ ಸೆಂಟ್ರಲ್‌ವರೆಗೆ ನೇರ ಬರುತ್ತಿದೆ.

ಅಲ್ಲಿಂದ ಕಡಲಗಾಲುವೆಯ ಮೇಲೆ ಐದು ನಿಮಿಷದ ಷಟಲ್ ರೈಲು. ದರ ಐದು ರಿಂಗಿಟ್. ಮಲೇಷ್ಯಾದ ನಿರ್ಗಮನ ಜೆಬಿ ಸೆಂಟ್ರಲ್‌ನಲ್ಲಿ, ಸಿಂಗಪುರದ ಪ್ರವೇಶ ವುಡ್‌ಲ್ಯಾಂಡ್ಸ್‌ನಲ್ಲಿ. ಇದರ ಬದಲಿಗೆ ಆರ್‌ಟಿಎಸ್ ಎಂಬ ಹೊಸ ರೈಲು ಮಾರ್ಗವನ್ನು 2026ರ ಕೊನೆಗೆ ಸಿದ್ಧಪಡಿಸುವ ಗುರಿಯೊಂದಿಗೆ ಕಟ್ಟಲಾಗುತ್ತಿದೆ. ಅದು ಓಡತೊಡಗಿದ ಮೇಲೆ ಷಟಲ್ ನಿಲ್ಲಲಿದೆ. ಆದ್ದರಿಂದ ಟಿಕೆಟ್ ಕೊಳ್ಳುವ ದಿನ ಯಾವುದು ಓಡುತ್ತಿದೆ ನೋಡಿಕೊಳ್ಳಿ.

ಟಿಕೆಟ್ ಸಿಗದಿದ್ದರೆ ಬಸ್ಸು. ಜೆಬಿ ಸೆಂಟ್ರಲ್ ಪಕ್ಕದ ಕಟ್ಟಡದಲ್ಲಿ ಮಲೇಷ್ಯಾ ತಪಾಸಣೆ ಮುಗಿಸಿ ಕೆಳಗಿಳಿದು ಬಸ್ ಹತ್ತಿ, ವುಡ್‌ಲ್ಯಾಂಡ್ಸ್‌ನಲ್ಲಿ ಚೀಲ ಸಮೇತ ಇಳಿದು ಸಿಂಗಪುರ ತಪಾಸಣೆ ಮುಗಿಸಿ, ಅದೇ ಸಂಖ್ಯೆಯ ಮುಂದಿನ ಬಸ್ ಹತ್ತಬೇಕು. ಬಂದ ಬಸ್ಸೇ ಕಾಯುವುದಿಲ್ಲ, ಟಿಕೆಟ್ ಎಸೆಯಬೇಡಿ. ಶುಕ್ರವಾರ ಮತ್ತು ಭಾನುವಾರದ ಸಂಜೆ ಸೇತುವೆಯ ಮೇಲೆ ವಾಹನಗಳು ಗಂಟೆಗಟ್ಟಲೆ ತೆವಳುತ್ತವೆ. ಅದೇ ರಾತ್ರಿ ಬೆಂಗಳೂರಿನ ವಿಮಾನವಿದ್ದರೆ ಬೆಳಿಗ್ಗೆಯೇ ದಾಟಿಬಿಡಿ.

ಸಿಂಗಪುರದಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುವುದಿಲ್ಲ. ಎಷ್ಟು ದಿನ ಇರಬಹುದೆಂಬ ಅನುಮತಿ ಇಮೇಲ್‌ಗೆ ಬರುತ್ತದೆ. ಆಗಮನ ಅರ್ಜಿಯಲ್ಲಿ ಕೊಟ್ಟ ಇಮೇಲ್ ವಿಳಾಸ ಸರಿಯಿರಬೇಕಾದದ್ದು ಇದಕ್ಕೇ. ವುಡ್‌ಲ್ಯಾಂಡ್ಸ್ ದಾಟಿದ ಮೇಲೆ ಆ ಪತ್ರ ತೆರೆದು ದಿನಾಂಕವನ್ನು ನಿಮ್ಮ ಮರುಪ್ರಯಾಣದ ಟಿಕೆಟ್‌ಗೆ ಹೋಲಿಸಿ ನೋಡಿ. ಪತ್ರ ಬಂದಿಲ್ಲವೆಂದಾದರೆ ಸಿಂಗಪುರ ವಲಸೆ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ವಿವರ ಕೊಟ್ಟು ಹುಡುಕಬಹುದು.